ಮುದ್ದೆಯ ಅಳತೆ, ಸೂಜಿಯ ಹೊತ್ತು

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಸುತ್ತಣ ಸೀಮೆ ಮಾವಿನ ತೋಪುಗಳಿಗೂ ಟೊಮ್ಯಾಟೊ ಬೆಳೆಗೂ ರಾಗಿಯ ಹೊಲಗಳಿಗೂ ಹೆಸರಾದುದು. ಆಂಧ್ರದ ಗಡಿಗೆ ಸಮೀಪವಾದ ಈ ಭಾಗದಲ್ಲಿ ಒಂದು ಮನೆಯ ಮುದ್ದೆಯೇ ಪಕ್ಕದ ಮನೆಯಲ್ಲಿ ಸಂಗಟಿಯೆನಿಸಿಕೊಳ್ಳುತ್ತದೆ. ಮೈಮುರಿದು ದುಡಿದು ರಾಗಿ ಉಣ್ಣುವವರಿಗೆ ಸಕ್ಕರೆ ಕಾಯಿಲೆ ಬಾರದು, ಅದು ಪಟ್ಟಣದಲ್ಲಿ ಕುರ್ಚಿಯ ಮೇಲೆ ಕುಳಿತವರ ಕಾಯಿಲೆ ಎಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಗೆ ಇಂದು ಆಧಾರ ಉಳಿದಿಲ್ಲ. ಉಳುಮೆಗೆ ಟ್ರ್ಯಾಕ್ಟರು ಬಂದಿದೆ, ತೋಟಕ್ಕೆ ಹೋಗಲು ಮೋಟಾರು ಬೈಕು ಬಂದಿದೆ, ಮುದ್ದೆಯ ಜಾಗದಲ್ಲಿ ಮೂರು ಹೊತ್ತೂ ಅನ್ನ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಭಾರತದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆಯೆಂದೂ, 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಇವರಲ್ಲಿ ಹಳ್ಳಿಯವರೂ ಇದ್ದಾರೆ, ನಮ್ಮ ನಿಮ್ಮ ಮನೆಯವರೂ ಇದ್ದಾರೆ.

ಈ ಕಾಯಿಲೆಯನ್ನು ಕುರಿತು ಮಾತು ಬಂದಾಗಲೆಲ್ಲ ಮನೆಯ ಹಿರಿಯರು ಎತ್ತುವ ಪ್ರಶ್ನೆಗಳು ಎರಡು. ಇನ್ನು ಮುಂದೆ ಏನು ಉಣ್ಣಬೇಕು? ಇನ್ಸುಲಿನ್ ಸೂಜಿ ಹಾಕಿಸಿಕೊಳ್ಳಲೇಬೇಕೆ? ಈ ಎರಡು ಪ್ರಶ್ನೆಗಳಿಗೆ ಕುಟುಂಬದವರೆಲ್ಲ ಕುಳಿತು ಓದಬಹುದಾದ ರೀತಿಯಲ್ಲಿ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಕಾಯಿಲೆಯ ಸ್ವರೂಪ

ನಾವು ಉಂಡ ಅನ್ನ, ಮುದ್ದೆ, ರೊಟ್ಟಿಗಳೆಲ್ಲ ಹೊಟ್ಟೆಯಲ್ಲಿ ಕರಗಿ ಗ್ಲೂಕೋಸಾಗಿ ರಕ್ತಕ್ಕೆ ಸೇರುತ್ತವೆ. ರಕ್ತದಿಂದ ಅದು ದೇಹದ ಕಣಕಣಕ್ಕೂ ಸೇರಿ ಶಕ್ತಿಯಾಗಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿ ಇದನ್ನು ತಯಾರಿಸುತ್ತದೆ. ಬಾಗಿಲಿಗೆ ಬೀಗದ ಕೈ ಹೇಗೋ ಜೀವಕಣಕ್ಕೆ ಇನ್ಸುಲಿನ್ ಹಾಗೆ. ಬೀಗದ ಕೈ ಇಲ್ಲವಾದರೆ ಗ್ಲೂಕೋಸು ಬಾಗಿಲ ಹೊರಗೇ ನಿಂತು ರಕ್ತದಲ್ಲಿ ಹೆಚ್ಚುತ್ತದೆ, ಮೂತ್ರದಲ್ಲಿ ಹರಿದು ಹೋಗುತ್ತದೆ. ಒಳಗಿನ ಕಣಗಳು ಮಾತ್ರ ಹಸಿದೇ ಇರುತ್ತವೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದ ಸೊರಗು, ಮಾಯದ ಗಾಯ ಇವು ಅದರ ಗುರುತುಗಳು. ನಮ್ಮ ಪ್ರಾಚೀನ ವೈದ್ಯರು ಇದನ್ನು ಮಧುಮೇಹವೆಂದು ಕರೆದು, ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಗಮನಿಸಿದ್ದರು.

ಮಕ್ಕಳಲ್ಲಿಯೂ ಎಳೆಯರಲ್ಲಿಯೂ ಸಾಮಾನ್ಯವಾಗಿ ಕಾಣುವ ಒಂದನೆಯ ಬಗೆಯಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. ಅವರಿಗೆ ಹೊರಗಿನಿಂದ ಕೊಡುವ ಇನ್ಸುಲಿನ್ ಅನ್ನದಷ್ಟೇ ಅಗತ್ಯ. ಒಂದು ದಿನವೂ ತಪ್ಪಿಸುವಂತಿಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಪಥ್ಯ, ನಡಿಗೆ, ಮಾತ್ರೆಗಳಿಂದ ಇದನ್ನು ಬಹುಕಾಲ ಹಿಡಿತದಲ್ಲಿಡಬಹುದು. ವರ್ಷಗಳು ಕಳೆದಂತೆ ಗ್ರಂಥಿ ದಣಿದಾಗ ಅನೇಕರಿಗೆ ಇನ್ಸುಲಿನ್ ಬೇಕಾಗುತ್ತದೆ.

ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ ಒಂದು ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸು 100 ಮಿಲಿಗ್ರಾಂಗಿಂತ ಕಡಿಮೆಯಿರುವುದು ಸಹಜ. 126 ಅಥವಾ ಅದಕ್ಕಿಂತ ಹೆಚ್ಚೆಂದು ಮತ್ತೊಮ್ಮೆ ಪರೀಕ್ಷಿಸಿದಾಗಲೂ ಕಂಡರೆ ಮಧುಮೇಹ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 6.5 ಶೇಕಡಾ ಮುಟ್ಟಿದರೂ ಅದೇ ಅರ್ಥ. ಚಿಕಿತ್ಸೆಯಲ್ಲಿರುವ ಬಹುತೇಕರು ಇದನ್ನು 7ರ ಒಳಗೆ ಇಟ್ಟುಕೊಳ್ಳಬೇಕೆಂಬುದು ವೈದ್ಯರ ಗುರಿ. ವಯೋವೃದ್ಧರಿಗೆ ತುಸು ಸಡಿಲಿಸುವುದೂ ಉಂಟು.

ಇನ್ಸುಲಿನ್ ಬಂದ ಬಗೆ

ನೂರು ವರ್ಷಗಳ ಹಿಂದೆ ಒಂದನೆಯ ಬಗೆಯ ಮಧುಮೇಹ ಬಂದ ಮಗುವಿಗೆ ಉಪವಾಸವೊಂದೇ ಚಿಕಿತ್ಸೆಯಾಗಿತ್ತು. ಆಹಾರ ಕಡಿಮೆ ಮಾಡಿ ಕೆಲವು ತಿಂಗಳು ಉಸಿರು ಹಿಡಿಸುತ್ತಿದ್ದರು, ಅಷ್ಟೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬಿಬ್ಬರು, ಪ್ರೊಫೆಸರ್ ಮ್ಯಾಕ್ಲಿಯಾಡರ ಪ್ರಯೋಗಾಲಯದಲ್ಲಿ ಈ ರಸವನ್ನು ಬೇರ್ಪಡಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಿಗೊಳಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ಅದು ಅಷ್ಟು ಶುದ್ಧವಾಗಿರಲಿಲ್ಲ. ಶುದ್ಧೀಕರಿಸಿದ ಔಷಧವನ್ನು ಅದೇ ತಿಂಗಳ 23ರಂದು ಕೊಟ್ಟಾಗ ಸಾವಿನ ದವಡೆಯಲ್ಲಿದ್ದ ಬಾಲಕ ಚೇತರಿಸಿಕೊಂಡನು. ಮತ್ತೆ 13 ವರ್ಷ ಬದುಕಿದನು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡರಿಗೆ ನೊಬೆಲ್ ಪಾರಿತೋಷಕ ದೊರಕಿತು. ಇಬ್ಬರೂ ಹಣವನ್ನು ತಮ್ಮ ಜೊತೆಗಾರರೊಂದಿಗೆ ಹಂಚಿಕೊಂಡರು. ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟರು. ದಾಸೋಹದ ಅರ್ಥ ಬಲ್ಲ ನಮ್ಮ ಮನೆಗಳಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬ್ಯಾಂಟಿಂಗರ ಜನ್ಮದಿನವಾದ ನವೆಂಬರ್ 14ನ್ನು ಇಂದು ವಿಶ್ವ ಮಧುಮೇಹ ದಿನವನ್ನಾಗಿ ಆಚರಿಸುತ್ತಾರೆ.

ಎರಡು ಅಂಜಿಕೆಗಳು

ಗೌನಿಪಲ್ಲಿ ಕಡೆಯ ನಮ್ಮ ಬಂಧುಗಳ ಮನೆಯೊಂದರಲ್ಲಿ ಅರವತ್ತು ದಾಟಿದ ಯಜಮಾನರೊಬ್ಬರಿದ್ದಾರೆ. ಮಾವಿನ ತೋಪು, ಒಂದಿಷ್ಟು ರಾಗಿ ಹೊಲ, ನಾಲ್ಕು ಹಸು ಇರುವ ಸಂಸಾರ. ಮಾತ್ರೆಗಳು ಸಾಲವೆಂದು ವೈದ್ಯರು ಇನ್ಸುಲಿನ್ ಬರೆದುಕೊಟ್ಟರೂ ಅವರು ಎರಡು ವರ್ಷ ಅದನ್ನು ಮುಟ್ಟಲಿಲ್ಲ. "ಸೂಜಿ ಹಿಡಿದರೆ ಕಡೆಗಾಲ ಬಂತೆಂದೇ ಲೆಕ್ಕ. ಅಲ್ಲದೆ ಅದು ಪ್ರಾಣಿಯಿಂದ ತೆಗೆದದ್ದಂತೆ, ಲಿಂಗ ಕಟ್ಟಿದ ಮೈಗೆ ಅದು ಬೇಡಮ್ಮ" ಎಂದು ಸೊಸೆಗೆ ಹೇಳುತ್ತಿದ್ದರು. ಇದು ಒಂದು ಮನೆಯ ಮಾತಲ್ಲ. ನಮ್ಮ ಅನೇಕ ಹಿರಿಯರ ಮನಸ್ಸಿನಲ್ಲಿರುವ ಮಾತೇ. ಆದ್ದರಿಂದ ಎರಡನ್ನೂ ನೇರವಾಗಿ ಪರಿಶೀಲಿಸೋಣ.

ಇನ್ಸುಲಿನ್ ಕಡೆಗಾಲದ ಔಷಧವಲ್ಲ. ಕಾಲ ಮಿಂಚಿದ ಮೇಲೆ ಅದನ್ನು ಹಿಡಿದವರು ಕಣ್ಣು, ಮೂತ್ರಪಿಂಡ ಕಳೆದುಕೊಂಡುದನ್ನು ಕಂಡ ಜನ, ತಡದ ದೋಷವನ್ನು ಔಷಧದ ಮೇಲೆ ಹೊರಿಸಿದ್ದಾರೆ. ಅದು ಚಟವನ್ನೂ ಹತ್ತಿಸುವುದಿಲ್ಲ. ದೇಹ ತಾನೇ ಮಾಡಿಕೊಳ್ಳಬೇಕಾದ ರಸವನ್ನು ಹೊರಗಿನಿಂದ ಕೊಡುವುದಷ್ಟೆ. ಬಸುರಿನಲ್ಲಿ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ, ದೊಡ್ಡ ಸೋಂಕಿನಲ್ಲಿ ಕೆಲಕಾಲ ಇನ್ಸುಲಿನ್ ಪಡೆದು ಅನಂತರ ಬಿಟ್ಟವರೂ ಇದ್ದಾರೆ. ಬಿಡುವ ತೀರ್ಮಾನ ಮಾತ್ರ ವೈದ್ಯರದಾಗಿರಬೇಕು.

ಎರಡನೆಯ ಅಂಜಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ದಶಕಗಳ ಕಾಲ ಇನ್ಸುಲಿನ್ನನ್ನು ದನ ಮತ್ತು ಹಂದಿಗಳ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಸೂಕ್ಷ್ಮಾಣುವಿನೊಳಗೆ ಮನುಷ್ಯರದೇ ಇನ್ಸುಲಿನ್ ತಯಾರಾಗುವಂತೆ ಮಾಡಿದರು. 1982ರಿಂದ ಅದು ಮಾರುಕಟ್ಟೆಗೆ ಬಂದಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟ್ ಎಂಬ ಹುದುಗಿನ ಜೀವಿಯ ಸಹಾಯದಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಬಿಡುಗಡೆ ಮಾಡಿತು. ಇಂದು ಬಳಕೆಯಲ್ಲಿರುವ ಮಾನವ ಇನ್ಸುಲಿನ್ ಹೀಗೆ ಸೂಕ್ಷ್ಮಾಣು ಅಥವಾ ಯೀಸ್ಟಿನಿಂದ ಬಂದದ್ದು; ದನ, ಹಂದಿಗಳ ಗ್ರಂಥಿಯಿಂದ ತೆಗೆದದ್ದಲ್ಲ. ಸಂಶಯವಿದ್ದವರು ಸೀಸೆಯ ಪೆಟ್ಟಿಗೆಯ ಮೇಲೆ ಏನು ಬರೆದಿದೆಯೆಂದು ವೈದ್ಯರಿಂದ ಓದಿಸಿ ತಿಳಿಯಬಹುದು.

ಆ ಯಜಮಾನರಿಗೆ ಈ ಸಂಗತಿ ತಿಳಿಯುವ ಮೊದಲೇ ಬಲಗಾಲಿನ ಕಿರುಬೆರಳಿಗೆ ರಾಗಿಯ ಕೂಳೆ ಚುಚ್ಚಿತ್ತು. ಸ್ಪರ್ಶ ಮಂಕಾಗಿದ್ದ ಕಾಲಿಗೆ ನೋವು ತಿಳಿಯಲಿಲ್ಲ. ಬೆರಳು ಕಪ್ಪಾದಾಗ ಕೋಲಾರಕ್ಕೆ ಕರೆದೊಯ್ದರು. ಬೆರಳು ಹೋಯಿತು, ಪಾದ ಉಳಿಯಿತು. ಆಸ್ಪತ್ರೆಯಿಂದ ಬಂದ ದಿನದಿಂದ ಅವರು ಇನ್ಸುಲಿನ್ ಬಿಟ್ಟಿಲ್ಲ.

ತಟ್ಟೆಯ ಲೆಕ್ಕ

ರಾಗಿಯೆಂದರೆ ಸಕ್ಕರೆ ಕಾಯಿಲೆಗೆ ಮದ್ದು, ಎಷ್ಟು ಉಂಡರೂ ಆದೀತು ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ರಾಗಿಯಲ್ಲಿ ಸುಮಾರು 70 ಗ್ರಾಂ ಇದೆ, ವ್ಯತ್ಯಾಸ ದೊಡ್ಡದಲ್ಲ. ರಾಗಿಯ ಹಿರಿಮೆ ಇರುವುದು ಅದರ ನಾರಿನಲ್ಲಿ, 350 ಮಿಲಿಗ್ರಾಂನಷ್ಟಿರುವ ಸುಣ್ಣದ ಅಂಶದಲ್ಲಿ, ಹೊಟ್ಟೆ ತುಂಬಿದ ತೃಪ್ತಿಯಲ್ಲಿ. ಗಟ್ಟಿ ಮುದ್ದೆ ನಿಧಾನವಾಗಿ ಕರಗುತ್ತದೆ. ಅದೇ ರಾಗಿಯನ್ನು ನುಣ್ಣಗೆ ಬೀಸಿ ತೆಳ್ಳಗೆ ಗಂಜಿ ಕಾಯಿಸಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ಆದ್ದರಿಂದ ಮುದ್ದೆ ಬಿಡಬೇಕಾಗಿಲ್ಲ, ಅಳತೆ ಬೇಕು. ಎರಡು ದೊಡ್ಡ ಮುದ್ದೆಯ ಜಾಗದಲ್ಲಿ ಒಂದು ಹಿಡಿಗಾತ್ರದ ಮುದ್ದೆ, ಅದರ ಮೇಲೆ ಮತ್ತೆ ಅನ್ನ ಬೇಡ.

ತಟ್ಟೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಳ್ಳಿ. ಎರಡು ಭಾಗ ಸೊಪ್ಪು, ತರಕಾರಿ: ದಂಟು, ಕೀರೆ, ಹೀರೆ, ಬೀನ್ಸು, ಬದನೆ, ಕೋಸು. ಒಂದು ಭಾಗ ಕಾಳು: ಹುರುಳಿ, ಅವರೆ, ಅಲಸಂದೆ, ಹೆಸರು. ಉಳಿದ ಒಂದು ಭಾಗ ಮುದ್ದೆ ಅಥವಾ ಅನ್ನ ಅಥವಾ ಚಪಾತಿ. ಶಾಕಾಹಾರಿಗಳಾದ ನಮಗೆ ಕಾಳು, ಬೇಳೆ, ಮೊಸರು, ಮಜ್ಜಿಗೆಗಳೇ ಸಸಾರಜನಕದ ಆಧಾರ. ನಮ್ಮ ಸೀಮೆಯ ಬಸ್ಸಾರು, ಉಪ್ಸಾರುಗಳು ಈ ಲೆಕ್ಕಕ್ಕೆ ಹೊಸದಾಗಿ ಏನನ್ನೂ ಸೇರಿಸಬೇಕಾಗಿಲ್ಲದಷ್ಟು ಹೊಂದಿಕೊಳ್ಳುತ್ತವೆ. ಉಪ್ಪು ಮಾತ್ರ ಹಿತಮಿತವಾಗಿರಲಿ. ತಟ್ಟೆಯಲ್ಲಿ ಬಡಿಸಿಕೊಂಡ ಪ್ರಸಾದವನ್ನು ಬಿಡಬಾರದೆಂಬುದು ನಮ್ಮ ಮನೆಗಳ ಪದ್ಧತಿ. ಅದನ್ನು ಮುರಿಯಬೇಕಾಗಿಲ್ಲ. ಬಡಿಸುವಾಗಲೇ ಕಡಿಮೆ ಬಡಿಸಿದರೆ ಪದ್ಧತಿಯೂ ಉಳಿಯುತ್ತದೆ, ಪಥ್ಯವೂ ಉಳಿಯುತ್ತದೆ.

ಬೆಲ್ಲ, ಜೇನು, ಕಲ್ಲುಸಕ್ಕರೆಗಳು ಸಕ್ಕರೆಗೆ ಬದಲಿಯಲ್ಲ. ರಕ್ತಕ್ಕೆ ಸೇರಿದ ಮೇಲೆ ಅವು ಮಾಡುವ ಕೆಲಸ ಒಂದೇ. ಮೇ, ಜೂನ್ ತಿಂಗಳುಗಳಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣುಗಳು ರಾಶಿ ಬಿದ್ದಿರುವಾಗ ತೋಪಿನ ಒಡೆಯನಿಗೆ ಮಾವು ಮುಟ್ಟಬೇಡಿ ಎಂದರೆ ಆತ ಕೇಳುವುದಿಲ್ಲ. ನೂರು ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 14 ಗ್ರಾಂ ಸಕ್ಕರೆಯಿದೆ. ಸಕ್ಕರೆ ಹಿಡಿತದಲ್ಲಿರುವವರು ಎರಡು ಹೋಳು ತಿಂದು, ಆ ಹೊತ್ತಿನ ಮುದ್ದೆಯನ್ನು ಅಷ್ಟಕ್ಕೆ ತಗ್ಗಿಸಬಹುದು. ಊಟದ ಮೇಲೆ ಸೀಕರಣೆ, ಅದರ ಮೇಲೆ ಒಬ್ಬಟ್ಟು ಎಂದಾಗಲೇ ತೊಂದರೆ. ಹಾಗಲಕಾಯಿ, ಮೆಂತ್ಯಗಳು ಒಳ್ಳೆಯ ಆಹಾರವೇ ಹೌದು. ಆದರೆ ಅವನ್ನು ನೆಚ್ಚಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಬಾರದು.

ಪೂಜೆ, ಊಟ ಮತ್ತು ಸೂಜಿ

ಸಾದಾ ಇನ್ಸುಲಿನ್ ಮತ್ತು 30-70ರ ಮಿಶ್ರ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು. ಇಷ್ಟಲಿಂಗ ಪೂಜೆ ಮುಗಿಯದೆ ಬಾಯಿಗೆ ನೀರನ್ನೂ ಹಾಕದ ಹಿರಿಯರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಸೂಜಿ ಹಾಕಿಕೊಂಡು ಪೂಜೆಗೆ ಕುಳಿತು ಅದು ಒಂದು ಗಂಟೆ ನಡೆದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆದ್ದರಿಂದ ಸ್ನಾನ, ಪೂಜೆ ಮುಗಿಸಿ, ಆಮೇಲೆ ಸೂಜಿ, ಅರ್ಧ ಗಂಟೆಗೆ ತಿಂಡಿ ಎಂಬ ಕ್ರಮವೇ ಕ್ಷೇಮಕರ. ಶಿವರಾತ್ರಿಯ ಉಪವಾಸ, ಶ್ರಾವಣ ಸೋಮವಾರದ ಒಪ್ಪೊತ್ತು ಹಿಡಿಯುವವರು ವಾರದ ಮೊದಲೇ ವೈದ್ಯರನ್ನು ಕಂಡು ಅಂದಿನ ಪ್ರಮಾಣವನ್ನು ಕೇಳಿ ತಿಳಿಯಬೇಕು. ಒಂದನೆಯ ಬಗೆಯವರು ಉಪವಾಸವೆಂದಾಗಲಿ, ಜ್ವರ ಬಂದು ಊಟ ಸೇರದೆಂದಾಗಲಿ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಲೇಬಾರದು.

ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ಕಣ್ಣು ಕತ್ತಲೆ, ಕಾರಣವಿಲ್ಲದ ಸಿಡುಕು ಇವು ಸಕ್ಕರೆ ಇಳಿದುದರ ಗುರುತು. 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ಇನ್ನೂ ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಅನಂತರ ಏನಾದರೂ ತಿನ್ನಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಒಡನೆ ಆಸ್ಪತ್ರೆಗೆ ಒಯ್ಯಬೇಕು. ಹೊಲಕ್ಕೆ ಹೋಗುವವರ ಜೇಬಿನಲ್ಲಿ, ಟೊಮ್ಯಾಟೊ ಲೋಡಿನೊಡನೆ ರಾತ್ರಿಯೆಲ್ಲ ಮಂಡಿಗೆ ಹೊರಡುವವರ ಚೀಲದಲ್ಲಿ ಸಕ್ಕರೆಯ ಪೊಟ್ಟಣವೊಂದು ಸದಾ ಇರಲಿ.

ಸೀಸೆ ಮತ್ತು ಸಿರಿಂಜು

ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯುನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜನ್ನೇ ಬಳಸಬೇಕು. 100 ಯುನಿಟ್ಟಿನ ಇನ್ಸುಲಿನ್ನಿಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜು. ಮೇಲೆ ಹೇಳಿದ ಯಜಮಾನರ ಮನೆಯಲ್ಲಿ ಒಮ್ಮೆ ಔಷಧದ ಅಂಗಡಿಯಿಂದ ಬಂದದ್ದು ಕಿತ್ತಳೆ ಮುಚ್ಚಳದ್ದು. 20ರ ಗೆರೆಯವರೆಗೆ ಎಳೆದರೂ ಮೈ ಸೇರುತ್ತಿದ್ದುದು 8 ಯುನಿಟ್ ಮಾತ್ರ. ವಾರವಾದರೂ ಸಕ್ಕರೆ ಇಳಿಯಲಿಲ್ಲ. ಸೊಸೆ ಹಳೆಯ ಸಿರಿಂಜನ್ನು ಪಕ್ಕದಲ್ಲಿಟ್ಟು ನೋಡಿ, "ಮಾವ, ಮುಚ್ಚಳದ ಬಣ್ಣವೇ ಬೇರೆ" ಎಂದಳು. ಅಂದಿನಿಂದ ಆ ಮನೆಯಲ್ಲಿ ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಗಟ್ಟಿಯಾಗಿ ಓದಿ ಆಮೇಲೆ ಎಳೆಯುತ್ತಾರೆ. ಇದು ತಿರುಗುಮುರುಗಾಗಿ, 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ 20ರ ಜಾಗದಲ್ಲಿ 50 ಯುನಿಟ್ ಹೋಗುತ್ತದೆ, ಪ್ರಾಣಾಪಾಯವೇ ಸರಿ.

ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ ಸೀಸೆಯನ್ನು ಕುಲುಕದೆ ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಹೊಟ್ಟೆ, ತೊಡೆಗಳಲ್ಲಿ ದಿನವೂ ಒಂದೇ ಜಾಗಕ್ಕೆ ಚುಚ್ಚದೆ ಎರಡು ಬೆರಳ ಅಂತರ ಬಿಟ್ಟು ಬದಲಿಸುತ್ತಿರಬೇಕು. ಇಲ್ಲವಾದರೆ ಅಲ್ಲಿ ಗಂಟುಕಟ್ಟಿ ಔಷಧ ಸರಿಯಾಗಿ ಹತ್ತುವುದಿಲ್ಲ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಎಂದಿಗೂ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ತೆರೆದ ಸೀಸೆ ಬಿಸಿಲು ತಾಗದ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಬರುತ್ತದೆ. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಫ್ರಿಜ್ ಇಲ್ಲದ ಮನೆಯವರು, ಪದೇ ಪದೇ ಕರೆಂಟು ಹೋಗುವ ಊರಿನವರು ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆಯಿಟ್ಟು, ಸೀಸೆಯನ್ನು ಡಬ್ಬಿಯಲ್ಲಿ ಭದ್ರಪಡಿಸಿ ನೆರಳಿನಲ್ಲಿಡಬಹುದು. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಿರಿ. ತಿಪ್ಪೆಗೆ ಎಸೆದರೆ ಮಕ್ಕಳ ಕಾಲಿಗೂ ದನಗಳ ಬಾಯಿಗೂ ಸಿಗುತ್ತವೆ.

ಪಾದ ನೋಡಿಕೊಳ್ಳುವ ಅಭ್ಯಾಸ

ಬರಿಗಾಲಿನಲ್ಲಿ ಹೊಲಕ್ಕಿಳಿಯುವುದು, ಬೇಸಗೆಯ ಮಧ್ಯಾಹ್ನ ಗುಡಿಯ ಕಾದ ಕಲ್ಲಿನ ಮೇಲೆ ನಡೆಯುವುದು ಮಧುಮೇಹಿಗೆ ಅಪಾಯ. ಪ್ರತಿರಾತ್ರಿ ಪಾದ ತೊಳೆದು, ಬೆರಳ ಸಂದು ಒರೆಸಿ, ಕನ್ನಡಿ ಹಿಡಿದೋ ಮೊಮ್ಮಕ್ಕಳಿಗೆ ತೋರಿಸಿಯೋ ಅಂಗಾಲನ್ನು ಪರೀಕ್ಷಿಸಬೇಕು. ಗಾಯಕ್ಕೆ ಸುಣ್ಣ, ಸೀಮೆಎಣ್ಣೆ ಹಚ್ಚಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ವರ್ಷಕ್ಕೊಮ್ಮೆ ಕಣ್ಣಿನ ಒಳಪರೆ, ಮೂತ್ರಪಿಂಡದ ಪರೀಕ್ಷೆ, ಹೋದಾಗಲೆಲ್ಲ ರಕ್ತದೊತ್ತಡದ ಪರೀಕ್ಷೆ ತಪ್ಪಬಾರದು.

ಮನೆಯಲ್ಲಿ ಯಾರಿಗೆ ಯಾರು?

ಗಂಡನಿಗೆ ಕಾಯಿಲೆ ಬಂದರೆ ಹೆಂಡತಿ ಪ್ರತ್ಯೇಕವಾಗಿ ಅಡುಗೆ ಮಾಡುತ್ತಾಳೆ. ಹೆಂಡತಿಗೆ ಬಂದರೆ ಆಕೆ ಎಲ್ಲರಿಗೂ ಬಡಿಸಿ, ಮಿಕ್ಕಿದ ಅನ್ನವನ್ನು ಹೊತ್ತು ಮೀರಿ ಉಂಡು, ತನ್ನ ಸೂಜಿಯನ್ನು ಮರೆಯುತ್ತಾಳೆ. ನಮ್ಮ ಮನೆಗಳಲ್ಲಿ ಕಾಣುವ ಈ ಅನ್ಯಾಯವನ್ನು ನಾವು ಒಪ್ಪಿಕೊಂಡು ತಿದ್ದಿಕೊಳ್ಳಬೇಕು. ಸೂಜಿ ಹಾಕಿಕೊಂಡ ತಾಯಿ ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣಲಿ, ಮಕ್ಕಳು ಬಡಿಸಲಿ. ಮೇಲೆ ಹೇಳಿದ ತಟ್ಟೆ ರೋಗಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ಹಿತವಾದುದು. ತಂದೆತಾಯಿಗಳಿಗೆ ಕಾಯಿಲೆಯಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚಾದುದರಿಂದ ಎಲ್ಲರಿಗೂ ಒಂದೇ ಅಡುಗೆಯಾಗಲಿ.

2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ ಪ್ರಾಯೋಗಿಕವಾಗಿ ಕೋಲಾರ ಜಿಲ್ಲೆಯಲ್ಲಿಯೇ ಆರಂಭವಾಯಿತು. ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು 30 ವರ್ಷ ದಾಟಿದವರ ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸುವುದು ಅದರ ಉದ್ದೇಶ. ಬಾಗಿಲಿಗೆ ಬಂದವರನ್ನು "ನಮಗೇನೂ ಇಲ್ಲಮ್ಮ" ಎಂದು ಹಿಂದಕ್ಕೆ ಕಳಿಸದೆ, ಬೆರಳು ನೀಡಿ ಒಂದು ಹನಿ ರಕ್ತ ಕೊಡಿ. ಸಕ್ಕರೆ ಕಾಯಿಲೆ ಬಹುಕಾಲ ಸದ್ದಿಲ್ಲದೆ ಇರುತ್ತದೆ. ಸದ್ದು ಮಾಡುವ ಹೊತ್ತಿಗೆ ಒಂದು ಬೆರಳೋ ಒಂದು ಕಣ್ಣೋ ಹೋಗಿರುತ್ತದೆ.

ಮಧುಮೇಹ ಗುಣವಾಗಿ ಹೋಗುವ ಕಾಯಿಲೆಯಲ್ಲವೆಂದು ಎದೆಗುಂದಬೇಕಾಗಿಲ್ಲ. ಅಳೆದು ಉಣ್ಣುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು, ಹೊತ್ತಿಗೆ ಸರಿಯಾಗಿ ಔಷಧ ತೆಗೆದುಕೊಳ್ಳುವುದು ಇವು ಮೂರನ್ನೂ ಕಾಯಕದಂತೆ ಪಾಲಿಸುವವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ಔಷಧದ ಪ್ರಮಾಣವನ್ನು ನೆರೆಯವರಿಂದ ಕೇಳಿ ಬದಲಿಸದೆ ತಮ್ಮ ವೈದ್ಯರನ್ನೇ ಕೇಳಬೇಕು. ಈ ತಿಂಗಳು ಮನೆಯ ಹಿರಿಯರೊಬ್ಬರನ್ನಾದರೂ ಪರೀಕ್ಷೆಗೆ ಕರೆದೊಯ್ಯಿರಿ ಎಂಬುದು ಓದುಗ ಬಂಧುಗಳಲ್ಲಿ ನಮ್ಮ ಅರಿಕೆ.